ಬಾಗಿಲಲ್ಲಿ ನಿಂತವರು

ನಾಲ್ಕು ಜನ ಒಂದೆಡೆ ಕೂಡಿ ಮಾತನಾಡುವುದು ಕಷ್ಟದ ಕೆಲಸವಲ್ಲ. ಬೇಸಗೆಯ ಸಂಜೆ ಊರ ಅಗಸೆಯ ಕಟ್ಟೆಯ ಮೇಲೆ ಅದು ತಾನಾಗಿಯೇ ನಡೆಯುತ್ತದೆ. ಆ ಮಾತು ನಾಳೆಯೂ ನಾಡಿದ್ದೂ, ಕೂಡಿದವರು ಬದಲಾದ ಮೇಲೂ ನಡೆಯುವಂತೆ ನೋಡಿಕೊಳ್ಳುವುದಿದೆಯಲ್ಲ, ಕಷ್ಟವಿರುವುದು ಅಲ್ಲಿ. ದೀಪಕ್ಕೆ ಎಣ್ಣೆ ಹಾಕುವವರು ಯಾರು? ಹೊಸದಾಗಿ ಬಂದವನನ್ನು ಒಳಗೆ ಕರೆಯುವವರು ಯಾರು? ಸಿಟ್ಟಿನಿಂದ ಎದ್ದುಹೋದವನ ಮನೆಗೆ ಹೋಗಿ ತಿರುಗಿ ಕರೆತರುವವರು ಯಾರು? ಮಾತನಾಡಿದವರ ಹೆಸರನ್ನು ನಮ್ಮ ಚರಿತ್ರೆಯ ಪುಸ್ತಕಗಳು ಅಕ್ಕರೆಯಿಂದ ಬರೆದಿಟ್ಟಿವೆ. ಈ ಸಣ್ಣ ಕೆಲಸಗಳನ್ನು ಮಾಡಿದವರ ಹೆಸರನ್ನು ಅಷ್ಟು ಅಕ್ಕರೆಯಿಂದ ಬರೆದಿಲ್ಲ.

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ತಾಲೂಕುಗಳು ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿದ ಕರಿಯ ನೆಲ. ಜಿಲ್ಲೆಯ ಹೆಸರು ಈಗ ವಿಜಯಪುರವೆಂದಾಗಿದೆ. ಈ ತಾಲೂಕುಗಳಿಂದಲೂ ಹೊಸ ತಾಲೂಕುಗಳು ಒಡೆದಿವೆ. ಬಿಳಿಜೋಳಕ್ಕೂ ಬರಗಾಲಕ್ಕೂ ಹೆಸರಾದ ಈ ಸೀಮೆ ಇನ್ನೊಂದಕ್ಕೂ ಹೆಸರಾಗಬೇಕಾಗಿತ್ತೆಂದು ನನಗೆ ಅನಿಸುವುದುಂಟು. ಜನ ಕೂಡಿ ಮಾತನಾಡುವ ನೆಲೆಗಳನ್ನು ಕಟ್ಟಿ ಉಳಿಸಿಕೊಳ್ಳುವ ಪಾಡೇನೆಂಬುದಕ್ಕೆ ಸಾವಿರ ವರ್ಷದ ನಿದರ್ಶನಗಳು ಇಲ್ಲಿ ಸಾಲಾಗಿ ಸಿಗುತ್ತವೆ.

ಮೊದಲು ಎಣ್ಣೆಯ ಮಾತು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ. ಶ. 945ರ ಒಂದು ಶಾಸನವುಂಟು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ತ್ರೈಪುರುಷರಿಗೆ ಗುಡಿಯನ್ನೂ ಅದಕ್ಕೆ ಸೇರಿದಂತೆ ಒಂದು ಶಾಲೆಯನ್ನೂ ಕಟ್ಟಿಸಿದನು. ಊರಿನ ಆಗಿನ ಹೆಸರು ಪಾವಿಟ್ಟಗೆ. ಶಾಲೆ ಬಂದ ಮೇಲೆ ಅದು ಶಾಲಾ ಪಾವಿಟ್ಟಗೆಯಾಗಿ, ನಾಲಗೆಯಿಂದ ನಾಲಗೆಗೆ ಸವೆದು ಸಾಲೋಟಗಿಯಾಯಿತು. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದು ಶಾಸನ ಹೇಳುತ್ತದೆ. ಅವರ ವಸತಿಗೆ 27 ಮನೆಗಳು. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ. ದೀಪಕ್ಕೆಂದು 12 ನಿವರ್ತನ ಭೂಮಿ ಬೇರೆ. ಇಷ್ಟರಿಂದಲೇ ಸಾಲದೆಂದು ಊರವರ ಮದುವೆಗೆ ಇಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಿಮೆ ಎಂದು ಕಾಣಿಕೆಯನ್ನು ಗೊತ್ತುಮಾಡಿದರು.

ಅಲ್ಲಿ ಯಾವ ಪಂಡಿತರು ಯಾವ ವಿಷಯದಲ್ಲಿ ವಾದಿಸಿದರೆಂಬುದು ಒಂದಕ್ಷರವೂ ಉಳಿಯಲಿಲ್ಲ. ದೀಪದ ಎಣ್ಣೆಯ ಲೆಕ್ಕ ಮಾತ್ರ ಕಲ್ಲಿನಲ್ಲಿ ಉಳಿಯಿತು. ಇದನ್ನು ಕಂಡು ನಗುವವರು ನಗಬಹುದು. ನನಗಂತೂ ಆ ಶಾಸನ ಬರೆಯಿಸಿದವರ ವಿವೇಕದ ಮೇಲೆ ಗೌರವ ಹುಟ್ಟುತ್ತದೆ. ವಿದ್ವತ್ತು ತಾನಾಗಿ ಬರುತ್ತದೆ, ಎಣ್ಣೆ ತಾನಾಗಿ ಬರುವುದಿಲ್ಲವೆಂದು ಅವರು ಬಲ್ಲರು. ಆದರೆ ಆ ಬಾಗಿಲು ಎಲ್ಲರಿಗೂ ತೆರೆದುದಲ್ಲ. ದ್ವಿಜರಿಗೆಂದು ಕಟ್ಟಿದ ಶಾಲೆಯದು. ಅದರ ಗೋಡೆಗೆ ಸುಣ್ಣ ಬಳಿದವನಿಗೆ ಒಳಗೆ ಕುಳಿತು ಕೇಳುವ ಹಕ್ಕಿರಲಿಲ್ಲ. ಹೀಗಾಗಿ ಬಾಗಿಲಲ್ಲಿ ನಿಲ್ಲುವ ಕೆಲಸವೂ ಅಲ್ಲಿ ಸುಲಭವಾಗಿದ್ದಿತು.

ಕಷ್ಟ ತಲೆದೋರಿದುದು ಬಾಗಿಲನ್ನು ಅಗಲವಾಗಿ ತೆರೆದಾಗ. ಎರಡು ಶತಮಾನಗಳ ಮೇಲೆ ಇದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿ ಮಹಾಮನೆಯನ್ನು ನಡೆಸಿದರು. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ತರ್ದವಾಡಿ ನಾಡಿನ ಬಾಗವಾಡಿಯನ್ನೂ ಬಸವರಾಜನನ್ನೂ ಹೆಸರಿಸುತ್ತದೆ. ಆ ತರ್ದವಾಡಿಯೇ ಇಂಡಿ ಸೀಮೆಯ ಇಂದಿನ ತದ್ದೇವಾಡಿ. ಇಷ್ಟು ಕಲ್ಲಿನ ಮಾತು. ಅನುಭವಮಂಟಪವೆಂಬ ಒಂದು ಸಂಸ್ಥೆ, ಅದಕ್ಕೊಂದು ಕಟ್ಟಡ, ಅಧ್ಯಕ್ಷಪೀಠ ಇವೆಲ್ಲ ಇದ್ದವೆಂಬುದಕ್ಕೆ ಆ ಕಾಲದ ಶಾಸನದ ಆಧಾರವಿಲ್ಲವೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ವಚನಗಳೇ ಸಾಕ್ಷಿಯೆಂದು ಇನ್ನು ಕೆಲವರು ಹೇಳುತ್ತಾರೆ. ಆ ವಾದದಲ್ಲಿ ಇಳಿಯಲು ಇಲ್ಲಿ ಎಡೆಯಿಲ್ಲ. ಕಟ್ಟಡವಿದ್ದಿತೋ ಇಲ್ಲವೋ, ಮಾತು ನಡೆದುದಂತೂ ಸುಳ್ಳಲ್ಲ. ಅಗಸ, ಅಂಬಿಗ, ಮಾದಾರ, ಹಗ್ಗ ಹೊಸೆಯುವವ, ಸೌದೆ ಮಾರುವವ ಒಬ್ಬರಿಗೊಬ್ಬರು ಉತ್ತರಕೊಟ್ಟ ಮಾತುಗಳು ನಮ್ಮ ಕೈಯಲ್ಲಿವೆ.

ಆ ಮಾತುಕತೆ ಹೇಗೆ ನಡೆದಿರಬಹುದೆಂಬುದನ್ನು ಮೂರು ನಾಲ್ಕು ಶತಮಾನಗಳ ತರುವಾಯ ಶೂನ್ಯಸಂಪಾದನೆಯ ಕರ್ತರು ಚಿತ್ರಿಸಿದರು. ಅದನ್ನು ವೇದಾಂತ ಗ್ರಂಥವೆಂದು ಓದುವುದು ರೂಢಿ. ಒಂದು ಸಭೆಯನ್ನು ನಡೆಸುವವರ ಬವಣೆಯ ಕಥೆಯೆಂದು ಓದಿದರೂ ಅದು ಸೊಗಸಾಗಿಯೇ ಇದೆ. ಬಸವಣ್ಣನವರು ಶೂನ್ಯಸಿಂಹಾಸನವನ್ನು ಕಟ್ಟಿಸುತ್ತಾರೆ, ಆದರೆ ತಾವು ಅದರ ಮೇಲೆ ಕೂಡುವುದಿಲ್ಲ. ಮನೆಯೂ ಅವರದು, ಅನ್ನವೂ ಅವರದು. ಪೀಠ ಮಾತ್ರ ಮನೆಯಿಲ್ಲದ, ಊರಿಲ್ಲದ, ಯಾರ ಹಂಗೂ ಇಲ್ಲದ ಅಲ್ಲಮನದು. ಖರ್ಚು ಕೊಡುವವನೇ ತೀರ್ಪನ್ನೂ ಕೊಡತೊಡಗಿದರೆ ಸಭೆ ದರ್ಬಾರಾಗುತ್ತದೆಯೆಂಬುದನ್ನು, ಮಂತ್ರಿಯಾಗಿ ದರ್ಬಾರನ್ನು ಕಂಡಿದ್ದ ಬಸವಣ್ಣನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಇಬ್ಬರ ನಡುವೆ ಇನ್ನೊಬ್ಬನಿದ್ದಾನೆ. ಅವನನ್ನು ನಾವು ಸಾಕಷ್ಟು ಗಮನಿಸಿಲ್ಲ. ಅವನೇ ಹಡಪದ ಅಪ್ಪಣ್ಣ. ಹಡಪವೆಂದರೆ ಎಲೆಯಡಿಕೆಯ ಸಂಚಿ. ಕ್ಷೌರಿಕ ಕುಲದ ಅಪ್ಪಣ್ಣ ಬಸವಣ್ಣನವರ ಸಮೀಪವರ್ತಿ. ಬಾಗೇವಾಡಿ ತಾಲೂಕಿನ ಮಸಬಿನಾಳ ಅವನ ಹುಟ್ಟೂರೆಂದು ಹೇಳುತ್ತಾರೆ. ಮಹಾಮನೆಗೆ ಬಂದವರನ್ನು ಕಂಡು, ಒಳಗೆ ಸುದ್ದಿ ಮುಟ್ಟಿಸಿ, ಕರೆದುಕೊಂಡು ಹೋಗುವುದು ಅವನ ಕಾಯಕ. ಅಲ್ಲಮಪ್ರಭು ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದ ದಿನ ಬಸವಣ್ಣನವರು ಲಿಂಗಪೂಜೆಯಲ್ಲಿ ಮೈಮರೆತಿದ್ದರು. ಅಪ್ಪಣ್ಣ ಓಡಿಹೋಗಿ ತಿಳಿಸಿದನು. ಒಳಗೆ ಬರಹೇಳೆಂದು ಅಪ್ಪಣೆಯಾಯಿತು. ಬಾಗಿಲಿಗೆ ಬಂದು ಬಿನ್ನಹ ಮಾಡಿದರೆ ಪ್ರಭು ಕದಲಲೊಲ್ಲನು: ಜಂಗಮ ಹೊಸ್ತಿಲಲ್ಲಿ ನಿಂತಿರುವಾಗ ಒಳಗೆ ಯಾವ ಪೂಜೆ? ಅಪ್ಪಣ್ಣ ಮತ್ತೆ ಒಳಗೆ, ಮತ್ತೆ ಹೊರಗೆ. ಕಡೆಗೆ ಚೆನ್ನಬಸವಣ್ಣ ತಿಳಿಹೇಳಿದ ಮೇಲೆ ಬಸವಣ್ಣನವರೇ ಎದ್ದುಬಂದು ತಪ್ಪೊಪ್ಪಿಕೊಳ್ಳಬೇಕಾಯಿತು. ಇಬ್ಬರು ಮಹಾತ್ಮರ ನಡುವೆ, ಇಬ್ಬರಿಗೂ ಬೇಸರವಾಗದಂತೆ ಮಾತನ್ನು ಹೊತ್ತು ಓಡಾಡಿದವನ ಕಾಲು ಎಷ್ಟು ನೊಂದಿತೋ ಗ್ರಂಥ ಹೇಳುವುದಿಲ್ಲ. ಯಾವುದಾದರೂ ಸಂಘದ ಕಾರ್ಯದರ್ಶಿಯಾಗಿದ್ದ ವಾಚಕರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೇರ ಮಾತಿನವರ ಕಾಟ ಬೇರೆ. ಸಿಂದಗಿ ಸೀಮೆಯ ದೇವರ ಹಿಪ್ಪರಗಿಯಿಂದ ಹೋದ ಮಡಿವಾಳ ಮಾಚಯ್ಯ ಅಂಥವನು. ಬಸವಣ್ಣನವರೇ ತಮ್ಮ ದಾನದ ಬಗ್ಗೆ ಒಂದು ಹೆಮ್ಮೆಯ ಮಾತನ್ನಾಡಿದಾಗ ಅವರನ್ನು ನಿಲ್ಲಿಸಿ ಕೇಳಿದವನೆಂದು ಪುರಾಣಗಳಲ್ಲಿ ಕಥೆಯಿದೆ. ಇಂಥವನನ್ನು ಸಭೆಯಲ್ಲಿಟ್ಟುಕೊಳ್ಳುವುದು ಕಷ್ಟ, ಕಳೆದುಕೊಳ್ಳುವುದು ಇನ್ನೂ ಕಷ್ಟ. ಆದರೆ ನುಲಿಯ ಚಂದಯ್ಯನ ಪ್ರಸಂಗದಲ್ಲಿ ನೋಡಿರಿ. ಹುಲ್ಲು ಕೊಯ್ಯುವಾಗ ಜಾರಿಬಿದ್ದ ಲಿಂಗವನ್ನು ತಿರುಗಿ ಎತ್ತಿಕೊಳ್ಳಲೊಲ್ಲೆನೆಂದು ಚಂದಯ್ಯ ಹಟಹಿಡಿದಾಗ ನಡುವೆ ಬಂದು ರಾಜಿ ಮಾಡಿಸುವವನೂ ಈ ಮಾಚಯ್ಯನೇ. ಜಗಳಗಂಟನೆಂದು ನಾವು ಎಣಿಸಿದವನೇ ಎಷ್ಟೋ ಸಲ ಒಳ್ಳೆಯ ಮಧ್ಯಸ್ಥನಾಗುತ್ತಾನೆ. ಅವನಿಗೆ ಯಾರ ಹೆದರಿಕೆಯೂ ಇಲ್ಲವೆಂದು ಎರಡೂ ಕಡೆಯವರು ಬಲ್ಲರು.

ನಡೆದ ಮಾತನ್ನು ಬರೆದಿಡುವುದು ಇನ್ನೊಂದು ತೊಡಕು. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದನು. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ತಿದ್ದಿದರು. ಸಿದ್ಧರಾಮನಿಗೆ ಲಿಂಗದೀಕ್ಷೆಯಾಯಿತೇ ಇಲ್ಲವೇ ಎಂಬ ಒಂದು ಪ್ರಶ್ನೆಯಲ್ಲಿಯೇ ಇವರ ನಡುವೆ ಒಮ್ಮತವಿಲ್ಲ. ಸಭೆ ಮುಗಿದು ಶತಮಾನಗಳಾದರೂ ಅದರ ನಡಾವಳಿಯ ಬಗ್ಗೆ ತಕರಾರು ಮುಗಿಯಲಿಲ್ಲ. ಆದರೂ ಈ ನಾಲ್ವರೂ ಒಂದು ಮರ್ಯಾದೆಯನ್ನು ಕಾಯ್ದುಕೊಂಡರು: ತಮಗೊಪ್ಪದ ಮಾತನ್ನು ಆಡಿದವನನ್ನೂ ಗ್ರಂಥದಿಂದ ಹೊರಗಟ್ಟಲಿಲ್ಲ. ಪ್ರಭುವನ್ನು ಕೆಣಕಿದವರ ವಚನವೂ ಅಲ್ಲಿದೆ, ಪ್ರಭುವಿನ ಉತ್ತರವೂ ಅಲ್ಲಿದೆ.

ಗೂಳೂರು ಸಿದ್ಧವೀರಣ್ಣೊಡೆಯನ ಈ ಗ್ರಂಥ 1930ರಲ್ಲಿ ಅಚ್ಚಾಗಿ ಬಂದುದು ವಿಜಾಪುರದ ಒಬ್ಬ ವಕೀಲರ ಸಂಪಾದಕತ್ವದಲ್ಲಿ. ಅವರು ಶ್ರೀ ಫ. ಗು. ಹಳಕಟ್ಟಿಯವರು. ಹಳೆಯ ಸಭೆಯ ಕಡತವನ್ನು ತೆರೆದ ಈ ಮಹನೀಯರೇ ಹೊಸ ಸಭೆಯೊಂದನ್ನು ನಡೆಸಲು ಹೊರಟಿದ್ದರು.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, 1904ರ ಸುಮಾರಿಗೆ ವಿಜಾಪುರಕ್ಕೆ ಬಂದು ವಕೀಲಿ ನಡೆಸಿದರು. ಅದೇ ತಿಂಗಳು ಹತ್ತು ದಿನಗಳ ತರುವಾಯ ವಿಜಾಪುರದಲ್ಲಿ ಹುಟ್ಟಿದ ಆಲೂರು ವೆಂಕಟರಾಯರು ಧಾರವಾಡವನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ಒಂದೂರು ಇನ್ನೊಂದೂರಿಗೆ ಮಗನನ್ನು ಕೊಟ್ಟು ಮಗನನ್ನು ತಂದುಕೊಂಡಂತಾಯಿತು. ಇಬ್ಬರೂ ಗೆಳೆಯರು, ಇಬ್ಬರೂ ಪತ್ರಿಕೆ ನಡೆಸಿ ಕೈಸುಟ್ಟುಕೊಂಡವರು, ಇಬ್ಬರೂ ತೀರಿಕೊಂಡುದು 1964ರಲ್ಲಿಯೇ. ಆಲೂರರು ಮೊದಲು ಕೈಹಾಕಿದುದು ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ಕ್ಕೆ, ಆಮೇಲೆ 1922ರಲ್ಲಿ ‘ಜಯ ಕರ್ನಾಟಕ’ಕ್ಕೆ. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ವನ್ನೂ ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯನ್ನೂ ತೆಗೆದರು.

ಆಗಿನ ಸ್ಥಿತಿಯನ್ನು ನೆನೆಯಬೇಕು. ಕನ್ನಡಿಗರು ಮುಂಬಯಿ, ಮದರಾಸು, ಮೈಸೂರು, ನಿಜಾಮ, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಇವುಗಳ ನಡುವೆ ಜಮಖಂಡಿ, ಮುಧೋಳದಂಥ ಚಿಕ್ಕ ಸಂಸ್ಥಾನಗಳು ಬೇರೆ. ಸಿಂದಗಿಯವರು ಭೀಮೆಯನ್ನು ದಾಟಿದರೆ ನಿಜಾಮರ ಸೀಮೆ. ಮುದ್ದೇಬಿಹಾಳದವರು ಕೃಷ್ಣೆಯನ್ನು ದಾಟಿ ಲಿಂಗಸುಗೂರಿಗೆ ಹೋದರೂ ನಿಜಾಮರ ಸೀಮೆಯೇ. ಹೊಟಗಿಯಿಂದ ಗದಗಿಗೆ ಹೋಗುವ ರೈಲುಹಾದಿ ವಿಜಾಪುರವನ್ನು ಮುಟ್ಟಿತ್ತು. ಇಂಡಿಗೂ ಬಾಗೇವಾಡಿಗೂ ‘ರೋಡ್’ ಎಂಬ ಬಾಲ ಹಚ್ಚಿದ ಸ್ಟೇಶನ್ನುಗಳು ಸಿಕ್ಕವು. ಬಾಲವಿದ್ದರೆ ಊರು ದೂರವೆಂದು ಪ್ರಯಾಣಿಕರು ಬಲ್ಲರು. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅದೂ ಇರಲಿಲ್ಲ. ಹೀಗೆ ಚದುರಿದ ಜನರನ್ನು ಒಂದೇ ಜಮಖಾನದ ಮೇಲೆ ಕೂಡಿಸುವುದು ಆಗದ ಮಾತು. ಕೂಡಿಸಬಹುದಾದುದು ಟಪಾಲಿನ ಚೀಲದಲ್ಲಿ ಮಾತ್ರ. ಪತ್ರಿಕೆಯೇ ಮಂಟಪವಾಗಬೇಕಾಯಿತು.

ಈ ಮಂಟಪದ ಮೊದಲ ತೊಡಕು ಸಾಮಗ್ರಿಯದೇ. ವಚನಗಳು ಓಲೆಯ ಕಟ್ಟುಗಳಲ್ಲಿ ಮನೆಮನೆಗೆ ಹಂಚಿಹೋಗಿದ್ದವು. ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುವ ಗ್ರಂಥವನ್ನು ಯಾರೋ ವಕೀಲರ ಕೈಗೆ ಕೊಡುವುದೆಂದರೇನು? ಓದಲು ಬಾರದವರ ಮನೆಯಲ್ಲಿಯೂ ಅದು ದೇವರೇ. ಹೀಗೆ ಒಂದೊಂದು ಕಟ್ಟಿಗೂ ಒಂದೊಂದು ಮನೆಯ ಮನಸ್ಸನ್ನು ಗೆಲ್ಲಬೇಕು. ಗೆದ್ದು ತಂದ ಮೇಲೆ ಅಚ್ಚು ಹಾಕುವವರು ಬೇಕು. ಮಂಗಳೂರಿನ ಮಿಶನ್ನಿನ ಮುದ್ರಣಾಲಯ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿತೆಂದು ಹೇಳಿಕೆಯುಂಟು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ಹೊರಬಂದಿತು. ಪರರ ಯಂತ್ರವನ್ನು ನಂಬಿದರೆ ಕೆಲಸ ಸಾಗದೆಂದು 1925ರಲ್ಲಿ ಅವರು ವಿಜಾಪುರದಲ್ಲಿಯೇ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಮನೆಯನ್ನೇ ಮಾರಿದರೆಂದು ಜಿಲ್ಲೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಸಾಲೋಟಗಿಯಲ್ಲಿ ದೀಪಕ್ಕೆ 12 ನಿವರ್ತನ ಭೂಮಿಯಿದ್ದಿತು. ಇಲ್ಲಿ ದೀಪಕ್ಕೆ ಮನೆಯ ಯಜಮಾನನ ಗಂಟೇ ಎಣ್ಣೆಯಾಯಿತು.

‘ಶಿವಾನುಭವ’ ಮೊದಲಿಗೆ ತ್ರೈಮಾಸಿಕ. ಇದರ ಅರ್ಥವನ್ನು ಇಂದಿನ ವಾಚಕರು ಸ್ವಲ್ಪ ಎಣಿಸಿ ನೋಡಬೇಕು. ಒಬ್ಬರು ಒಂದು ಸಂಚಿಕೆಯಲ್ಲಿ ಯಾವುದೋ ಶರಣನ ಕಾಲವನ್ನು ನಿರ್ಣಯಿಸಿದರೆ, ಅಲ್ಲವೆನ್ನುವವರ ಲೇಖನ ಮೂರು ತಿಂಗಳಿಗೆ. ಅದಕ್ಕೆ ಉತ್ತರ ಆರು ತಿಂಗಳಿಗೆ. ಅಷ್ಟರಲ್ಲಿ ಮುಂಗಾರಿ ಹೋಗಿ ಹಿಂಗಾರಿ ಬಂದಿರುತ್ತದೆ. ಈ ನಿಧಾನ ನಷ್ಟವೆಂದು ಹೇಳುವವರುಂಟು. ನಾನು ಪೂರ್ತಿ ಒಪ್ಪಲಾರೆ. ಬರೆದ ಕೂಡಲೆ ಉತ್ತರ ಮುಟ್ಟುವ ಇಂದಿನ ಕಾಲದಲ್ಲಿ, ಸಿಟ್ಟು ಆರುವ ಮೊದಲೇ ಲೇಖನಿ ಓಡುವುದನ್ನು ನಾವು ದಿನಾಲು ನೋಡುತ್ತಿದ್ದೇವೆ. ಮೂರು ತಿಂಗಳು ಕಾದ ಸಿಟ್ಟಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಆಧಾರವಿದ್ದ ಅಂಶವಷ್ಟೆ. ಆದರೆ ಕಾಯುತ್ತ ಕಾಯುತ್ತ ವಾಚಕನು ಚಂದಾ ಕೊಡುವುದನ್ನೂ ಮರೆಯುತ್ತಾನೆ, ಅದು ನಿಜವಾದ ನಷ್ಟ. ಆ ಕಾಲದ ಕನ್ನಡ ಪತ್ರಿಕೆಗಳ ಹಳೆಯ ಸಂಪುಟಗಳನ್ನು ತಿರುವಿದವರಿಗೆ ಬಾಕಿಯ ಬಿನ್ನಹಗಳು ಹೊಸವಲ್ಲ. ವ್ಹಿ. ಪಿ.ಯನ್ನು ಬಿಡಿಸಿಕೊಳ್ಳದೆ ತಿರುಗಿ ಕಳಿಸಿದವರೇ ಮುಂದೆ ಪತ್ರಿಕೆ ಯಾಕೆ ನಿಂತಿತೆಂದು ಮರುಗುವುದೂ ನಮ್ಮ ನಾಡಿನ ಹಳೆಯ ರೀತಿ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಮತದ ಪ್ರಶ್ನೆ. ಧರ್ಮಕ್ಕೆ ಮೂಲಪುರುಷರು ಬಸವಣ್ಣನವರೋ ಪಂಚಾಚಾರ್ಯರೋ ಎಂಬ ವಾದ ಆಗಲೂ ಬಿಸಿಯಾಗಿಯೇ ಇದ್ದಿತು, ಈಗಲೂ ಆರಿಲ್ಲ. ಇಂಥದರ ನಡುವೆ ಕೂತ ಸಂಪಾದಕನಿಗೆ ಒಂದು ಪಕ್ಷದ ಲೇಖನ ಅಚ್ಚಾದರೆ ಇನ್ನೊಂದು ಪಕ್ಷದ ಮುನಿಸು, ಎರಡನ್ನೂ ಹಾಕಿದರೆ ಇಬ್ಬರದೂ ಮುನಿಸು. ಹಳಕಟ್ಟಿಯವರು ಹಿಡಿದುದು ಮೂಲಗ್ರಂಥವನ್ನು ಮುಂದಿಡುವ ದಾರಿ. ಐವತ್ತರಷ್ಟು ವಚನಕಾರರ ಹೆಸರು ತಿಳಿದಿದ್ದಲ್ಲಿ ಇನ್ನೂರಕ್ಕೂ ಹೆಚ್ಚು ಜನರ ವಚನಗಳು ಅವರ ದುಡಿಮೆಯಿಂದ ಬೆಳಕಿಗೆ ಬಂದವು. ವಾದಿಸುವವರಿಗೆ ವಾದದ ಸರಕನ್ನೇ ಕೊಟ್ಟುಬಿಟ್ಟರೆ ಅರ್ಧ ಜಗಳ ತಾನಾಗಿ ವಿದ್ವತ್ತಾಗುತ್ತದೆಂಬ ನಂಬಿಕೆ ಅದರ ಹಿಂದಿರಬೇಕು. ಮೂರು ದಶಕಗಳಿಗೂ ಮಿಕ್ಕಿ ಅವರು ಆ ಪತ್ರಿಕೆಯನ್ನು ಹೊತ್ತರು. ಕಲ್ಯಾಣದಲ್ಲಿ ಮನೆಯ ಯಜಮಾನ, ಪೀಠದ ಪ್ರಭು, ಬಾಗಿಲ ಅಪ್ಪಣ್ಣ ಮೂವರು ಹಂಚಿಕೊಂಡ ಭಾರವನ್ನು ವಿಜಾಪುರದಲ್ಲಿ ಒಬ್ಬರೇ ಹೊತ್ತರು. ಅದು ಅವರ ದೊಡ್ಡಸ್ತಿಕೆ. ಆ ವ್ಯವಸ್ಥೆಯ ದೌರ್ಬಲ್ಯವೂ ಅದೇ. ಹೊತ್ತವರು ದಣಿದರೆ ಹೊತ್ತುದು ಕೆಳಗಿಳಿಯಲೇಬೇಕು.

ಈ ಪಾಡು ನಮ್ಮ ನಾಡಿನದಷ್ಟೇ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ ಯುರೋಪಿನ ವಿಜ್ಞಾನಿಗಳ ಪತ್ರಗಳನ್ನು ಒಬ್ಬರಿಂದೊಬ್ಬರಿಗೆ ಮುಟ್ಟಿಸುತ್ತ, 1665ರಲ್ಲಿ ಸ್ವಂತ ಹೊಣೆಯ ಮೇಲೆ ಒಂದು ಪತ್ರಿಕೆಯನ್ನು ತೆಗೆದನು. ಪರದೇಶದ ಪತ್ರಗಳು ಬರುತ್ತಿದ್ದವೆಂಬ ಸಂಶಯದಿಂದ 1667ರಲ್ಲಿ ಅವನನ್ನು ಸೆರೆಮನೆಗೆ ಹಾಕಿದರು. ಗಡಿಯಾರದ ಸ್ಪ್ರಿಂಗು ಯಾರ ಶೋಧವೆಂಬ ಬಗ್ಗೆ 1675ರಲ್ಲಿ ಹುಕ್ ಮತ್ತು ಹೈಗನ್ಸ್ ಜಗಳಾಡಿದಾಗ, ಹುಕ್ ಬೈದುದು ನಡುವೆ ಪತ್ರ ಒಯ್ದ ಓಲ್ಡೆನ್‌ಬರ್ಗನನ್ನೇ. ಅಪ್ಪಣ್ಣನ ಗೋತ್ರದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಹಳಕಟ್ಟಿಯವರ ಕೆಲಸವನ್ನು ಮುಂದುವರಿಸಿದವರಲ್ಲಿ ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರೊಬ್ಬರು. ಸರಕಾರ 1993ರಲ್ಲಿ 15 ಸಂಪುಟಗಳಲ್ಲಿ ಹೊರತಂದ ಸಮಗ್ರ ವಚನಸಾಹಿತ್ಯಕ್ಕೆ ಅವರು ಪ್ರಧಾನ ಸಂಪಾದಕರು. ಅದಕ್ಕೂ ಮೊದಲು, ‘ಮಾರ್ಗ’ದ ಮೊದಲ ಸಂಪುಟದಲ್ಲಿ ಚೆನ್ನಬಸವಣ್ಣನ ಜನನದ ಬಗ್ಗೆ, ನೀಲಾಂಬಿಕೆಯ ವಚನಗಳ ಬಗ್ಗೆ ಅವರು ಬರೆದುದಕ್ಕೆ ದೊಡ್ಡ ಗದ್ದಲವೆದ್ದಿತು. 1989ರಲ್ಲಿ ಅವರು ಆ ಬರಹವನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದನ್ನು ಅವರೇ ಬೌದ್ಧಿಕ ಆತ್ಮಹತ್ಯೆಯೆಂದು ಕರೆದರು. ಅವರ ನಿರ್ಣಯ ಸರಿಯೋ ತಪ್ಪೋ ಎಂಬುದು ಬೇರೆ. ತಪ್ಪಾಗಿದ್ದರೆ ಇನ್ನೊಂದು ಲೇಖನದಿಂದ ಉತ್ತರಿಸುವುದು ‘ಶಿವಾನುಭವ’ದ ರೀತಿ, ಇನ್ನೊಂದು ಸಂಪಾದನೆಯನ್ನು ಬರೆಯುವುದು ಹಲಗೆಯದೇವನ ರೀತಿ. ಆ ಎರಡು ರೀತಿಗಳೂ ಆಗ ಕೆಲಸಕ್ಕೆ ಬರಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಅವರ ಮನೆಯ ಬಾಗಿಲಿಗೆ ಯಾರೋ ಬಂದರು. ಮನೆಯವರು ಬಾಗಿಲು ತೆರೆದರು. ಬಂದವರು ಗುಂಡು ಹಾರಿಸಿ ಕಲಬುರ್ಗಿಯವರನ್ನು ಕೊಂದರು. ಬಂದವನನ್ನು ಯಾರೆಂದು ಕೇಳದೆ ಒಳಗೆ ಕರೆಯುವ ಮನೆಗಳು ಆ ಮೇಲೆ ನಮ್ಮಲ್ಲಿ ಕಡಿಮೆಯಾದವೆಂದು ನನಗೆ ತೋರುತ್ತದೆ.

ಆ ನೀಲಾಂಬಿಕೆಯ ಕೊನೆಯ ದಿನಗಳಲ್ಲಿಯೂ ಅಪ್ಪಣ್ಣನಿದ್ದಾನೆ. ಕಲ್ಯಾಣದಲ್ಲಿ ಮಧುವರಸ ಹರಳಯ್ಯರಿಗೆ ಶಿಕ್ಷೆಯಾಗಿ, ಶರಣರು ದಿಕ್ಕುಗೆಟ್ಟು ಚದುರಿದಾಗ ಬಸವಣ್ಣನವರು ಕೂಡಲಸಂಗಮಕ್ಕೆ ಬಂದರು. ಮಡದಿಯನ್ನು ಕರೆತರಲು ಅವರು ಕಳಿಸಿದುದು ಅಪ್ಪಣ್ಣನನ್ನೆಂದು ಐತಿಹ್ಯ ಹೇಳುತ್ತದೆ. ಇಬ್ಬರೂ ಸಂಗಮವನ್ನು ಮುಟ್ಟಲಿಲ್ಲ. ಹೊಳೆಯ ಈಚೆಗೆ, ಇಂದಿನ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ನೀಲಾಂಬಿಕೆ ಐಕ್ಯಳಾದಳು. ಅಪ್ಪಣ್ಣನ ನೆಲೆಯೂ ಅಲ್ಲಿಯೇ ಎಂದು ಜನರ ನಂಬಿಗೆ. ಕೊನೆಯ ಸಲವೂ ಅವನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಹಾದಿಯಲ್ಲಿಯೇ ಇದ್ದನು.

ಅಪ್ಪಣ್ಣನೂ ವಚನಗಳನ್ನು ಬರೆದಿದ್ದಾನೆ. ಅವನ ಅಂಕಿತದಲ್ಲಿ ತನ್ನ ಹೆಸರಿಲ್ಲ, ಬಸವನ ಹೆಸರೂ ಚೆನ್ನಬಸವಣ್ಣನ ಹೆಸರೂ ಇವೆ. ಅವನ ಹೆಂಡತಿ ಲಿಂಗಮ್ಮನ ನೂರಕ್ಕೂ ಹೆಚ್ಚು ವಚನಗಳು ಉಳಿದುಬಂದಿವೆ. ಅವಳ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’.